ವಕೀಲಮ್ಮ ತಪ್ಪೊಪ್ಪಿಕೊಂಡ ಶನಿವಾರ

ಕನ್ನಡಕದಂಗಡಿಯ ಹೆಂಗಸಿಗೆ ಚರ್ಚಿನವರು ವಕೀಲಮ್ಮ ಎಂದು ಹೆಸರಿಟ್ಟಿದ್ದರು. ಅವಳು ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ಯೇಸುವಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರನ್ನು ಕೆಳಗಿಡುವಳು. ಎದುರಿನವರ ಬಾಯಿ ಮುಚ್ಚಿಸಿದ ಮೇಲೆಯೇ ಮತ್ತೆ ಅದನ್ನು ಎತ್ತಿಕೊಳ್ಳುವಳು.

ಹಾಗಾಗಿ ವಾಚನಾಲಯದ ಮಹಡಿಯಲ್ಲಿ ಎರಡು ಶನಿವಾರಗಳ ಚರ್ಚೆ ಏರ್ಪಾಡಾದಾಗ ಚರ್ಚಿನ ಹಿರಿಯರು ಬೇರೆ ಯಾರನ್ನೂ ಹುಡುಕಲಿಲ್ಲ. ವಿಷಯ, ಯೇಸು ಸತ್ತು ಎದ್ದುಬಂದದ್ದು ನಿಜವೇ ಎಂಬುದು. ನಿಜವೆನ್ನಲು ವಕೀಲಮ್ಮ; ಅಲ್ಲವೆನ್ನಲು ನಿವೃತ್ತ ವಿಜ್ಞಾನದ ಮೇಷ್ಟ್ರು. ಮಸೂರದೊಳಗೆ ಬೆಳಕು ಹೇಗೆ ಬಾಗುತ್ತದೆಂದು ಎಂಟನೇ ತರಗತಿಯಲ್ಲಿ ಅವಳಿಗೆ ಕಲಿಸಿದವರು ಅವರೇ.

ಮೊದಲ ಶನಿವಾರ ಅರವತ್ತು ಜನ ಸೇರಿದ್ದರು. ಮೇಷ್ಟ್ರು ಸಮಾಧಾನವಾಗಿಯೇ ಶುರುಮಾಡಿದರು. ಬೈಬಲಿನ ನಾಲ್ಕು ಸುವಾರ್ತೆಗಳು ಯೇಸು ಎದ್ದನೆಂಬ ಒಂದೇ ಬೆಳಗಿನ ಕಥೆಯನ್ನು ನಾಲ್ಕು ಥರ ಹೇಳುತ್ತವೆ, ಮೂರರಲ್ಲಿ ಸಮಾಧಿಯ ಬಳಿಗೆ ಒಬ್ಬರಿಗಿಂತ ಹೆಚ್ಚು ಹೆಂಗಸರು ಹೋಗುತ್ತಾರೆ, ನಾಲ್ಕನೆಯದರಲ್ಲಿ ಬರುವುದು ಒಬ್ಬಳ ಹೆಸರು ಮಾತ್ರ ಎಂದರು.

"ಇಲ್ಲ ಸರ್," ವಕೀಲಮ್ಮ ತಟ್ಟನೆ ಎದ್ದಳು. "ನಾಲ್ಕರಲ್ಲೂ ಹಲವರು ಇದ್ದಾರೆ. ಬೇಕಾದ್ರೆ ತೋರಿಸಿ."

ಮೇಷ್ಟ್ರು ಪುಸ್ತಕ ತೆಗೆದರು. ಸಣ್ಣ ಅಕ್ಷರ, ಮಂದ ದೀಪ. ಹಾಳೆ ತಿರುವಿದರು, ಕಣ್ಣು ಕಿರಿದು ಮಾಡಿದರು, ಪುಸ್ತಕವನ್ನು ದೂರ ಹಿಡಿದರು, ಹತ್ತಿರ ತಂದರು. ಸಾಲು ಸಿಗಲಿಲ್ಲ.

"ಪರವಾಗಿಲ್ಲ ಸರ್, ಸೋಮವಾರ ಅಂಗಡಿಗೆ ಬನ್ನಿ. ಒಳ್ಳೆ ಕನ್ನಡಕ ಹಾಕಿಕೊಡ್ತೀನಿ, ಆಮೇಲೆ ಓದುವಿರಂತೆ," ಎಂದಳು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಪುಸ್ತಕ ಮುಚ್ಚಿ ಕೂತರು. ಆಮೇಲೆ ಅವರ ಮಾತಿಗೆ ಕಸುವೇ ಉಳಿಯಲಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ಬಟ್ಟೆ ಮಡಚುತ್ತಿದ್ದರು. "ಗೆದ್ದೆಯಲ್ಲ, ಸಂತೋಷ. ಮೇಷ್ಟ್ರು ಮನೆಗೆ ಒಬ್ಬರೇ ಹೋದ್ರಾ?"

"ನೋಡಲಿಲ್ಲ ಅತ್ತೆ."

ಅತ್ತೆ ಇನ್ನೊಂದು ಅಂಗಿ ಎತ್ತಿಕೊಂಡರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಮುಂದಿನ ವಾರಕ್ಕೆ ತಯಾರಿಯೆಂದು ವಕೀಲಮ್ಮ ನಾಲ್ಕನೆಯ ಸುವಾರ್ತೆ ತೆರೆದಳು. ಆ ಬೆಳಗಿನ ಭಾಗಕ್ಕೆ ಬಂದವಳು ಅಲ್ಲೇ ನಿಂತಳು. ಹೆಸರು ಒಂದೇ. ಇನ್ನೊಮ್ಮೆ ಓದಿದಳು. ಎಷ್ಟು ಸಲ ಓದಿದರೂ ಒಂದೇ. ಹುಟ್ಟಿದಾಗಿನಿಂದ ಕೇಳಿದ ನಾಲ್ಕು ಕಥೆಗಳು ತಲೆಯಲ್ಲಿ ಕಲಸಿಕೊಂಡು ಒಂದಾಗಿದ್ದವು. ಅದನ್ನೇ ಅವಳು ಧೈರ್ಯವಾಗಿ ಒದರಿದ್ದಳು.

ಮುಂದಿನ ಸಾಲಿನಲ್ಲಿ ಇನ್ನೊಂದು ಕಂಡಿತು. ಆ ಹೆಂಗಸು ಓಡಿಹೋಗಿ ಶಿಷ್ಯರಿಗೆ ಸುದ್ದಿ ಹೇಳುವಾಗ 'ನನಗೆ' ಎನ್ನುವುದಿಲ್ಲ, 'ಸ್ವಾಮಿಯನ್ನು ಎಲ್ಲಿಟ್ಟರೋ ನಮಗೆ ಗೊತ್ತಿಲ್ಲ' ಎನ್ನುತ್ತಾಳೆ. ಅಂದರೆ ಜೊತೆಗೆ ಬೇರೆಯವರೂ ಇದ್ದರು ಎನ್ನಬಹುದು. ವಕೀಲಮ್ಮನ ಮನಸ್ಸು ಒಮ್ಮೆಗೇ ಕುಣಿಯಿತು. ಇದೊಂದು ಸಾಕು, ಜಾರಿಕೊಳ್ಳಲು ದಾರಿ ಆಯಿತು ಅಂದುಕೊಂಡಳು. ಮರುಕ್ಷಣ, ಜಾರಿಕೊಳ್ಳುವುದು ಎಂಬ ಮಾತು ತನ್ನ ಮನಸ್ಸಿಗೇ ಬಂತಲ್ಲ ಎಂದು ನಾಚಿಕೆಯಾಯಿತು. ತಪ್ಪು ಒಪ್ಪುವಾಗ ಇದನ್ನು ಬಾಲದಂತೆ ಅಂಟಿಸಬಾರದೆಂದು ತೀರ್ಮಾನಿಸಿದಳು.

ಸೋಮವಾರ ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಮೇಷ್ಟ್ರು ಹೊರಗೆ ನಿಂತಿದ್ದರು.

"ನೀನು ಹೇಳಿದ್ದು ನಿಜ ಕಣಮ್ಮ. ಕಣ್ಣು ಕಾಣಿಸ್ತಿಲ್ಲ. ಒಂದು ಸಲ ನೋಡಿಬಿಡು."

ಅವರ ದನಿಯಲ್ಲಿ ಕುಹಕ ಹುಡುಕಿದರೂ ಸಿಗಲಿಲ್ಲ. ಅವರನ್ನು ಕೂರಿಸಿ, ಒಂದಾದ ಮೇಲೊಂದು ಗಾಜು ಹಾಕಿ ಅಕ್ಷರಗಳ ಹಲಗೆ ಓದಿಸಿದಳು. ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯಲು ಪಟ್ಟಿ ಹಿಡಿದು ಮುಖದ ಮುಂದೆ ಬಾಗಿದಾಗ ಮಾತು ತಾನಾಗಿ ಹೊರಬಂತು.

"ಸರ್, ನೀವು ಹೇಳಿದ್ದೇ ಸರಿ. ನಾಲ್ಕನೆಯದರಲ್ಲಿ ಒಬ್ಬಳದೇ ಹೆಸರು. ನಾನು ತಪ್ಪು ಹೇಳಿ, ಮೇಲಿಂದ ನಿಮ್ಮನ್ನ ನಗೆಪಾಟಲು ಮಾಡಿದೆ. ಕ್ಷಮಿಸಿ."

ಮೇಷ್ಟ್ರು ಅಲುಗಲಿಲ್ಲ. ಅಲುಗಿದರೆ ಅಳತೆ ತಪ್ಪುತ್ತದೆಂದು ಅವರಿಗೆ ಗೊತ್ತಿತ್ತು. ಪಟ್ಟಿ ಕೆಳಗಿಳಿದ ಮೇಲೆ, "ಆಯ್ತು ಬಿಡಮ್ಮ. ಇಲ್ಲೇ ಹೇಳಿದೆಯಲ್ಲ, ಅಷ್ಟು ಸಾಕು," ಎಂದರು.

"ಅರವತ್ತು ಜನರ ಮುಂದೆ ಆಗಿದ್ದು ಸರ್. ಇಲ್ಲಿ ಇಬ್ಬರೇ ಇದ್ದೀವಿ."

ಸಭೆಯಲ್ಲೇ ತಪ್ಪೊಪ್ಪಿಕೊಳ್ಳುವ ಅವಳ ಉದ್ದೇಶ ತಿಳಿದು ಚರ್ಚಿನ ಹಿರಿಯರು ಗುರುವಾರ ಅಂಗಡಿಗೇ ಬಂದರು. "ಯಾರೂ ಗಮನಿಸಿಲ್ಲ. ಗೆದ್ದಿದ್ದನ್ನ ಯಾಕೆ ಕೈಯಾರೆ ಕೊಡ್ತೀಯ? ನಾಳೆ ಬೇರೆದೂ ಸುಳ್ಳು ಅಂತಾರೆ."

ವಕೀಲಮ್ಮ ಮಸೂರದ ಅಂಚನ್ನು ಚಕ್ರಕ್ಕೆ ಒತ್ತಿ ಉಜ್ಜುತ್ತಿದ್ದಳು. ಚಕ್ರ ನಿಲ್ಲಿಸಿದಳು. "ಅಣ್ಣಾ, ಸತ್ಯದ ಪರ ಮಾತಾಡ್ತೀನಿ ಅಂತ ನಿಂತವಳು ನಾನು. ಸುಳ್ಳಿನ ಮೇಲೆ ನಿಂತು ಅದನ್ನ ಹೇಗೆ ಹೇಳಲಿ?"

ಹಿರಿಯರು ಗೊಣಗುತ್ತ ಹೊರಟರು.

ಎರಡನೆಯ ಶನಿವಾರ ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ವಕೀಲಮ್ಮ ಮೊದಲು ಎದ್ದಳು. ಹೋದ ವಾರ ಮೇಷ್ಟ್ರು ಹೇಳಿದ್ದು ಸರಿ, ತಾನು ಹೇಳಿದ್ದು ತಪ್ಪು. ಅವರ ಕಣ್ಣಿನ ಬಗ್ಗೆ ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು ಎಂದಳು. 'ನಮಗೆ' ಎಂಬ ಪದದ ಸುದ್ದಿ ಎತ್ತಲಿಲ್ಲ. ಹಿರಿಯರು ನೆಲ ನೋಡುತ್ತಿದ್ದರು.

ಮೇಷ್ಟ್ರು ಎದ್ದು ಹೊಸ ಕನ್ನಡಕ ಸರಿಮಾಡಿಕೊಂಡರು. "ನಂದೂ ಒಂದು ಮಾತಿದೆ. ಈ ವಾರ ನಾಲ್ಕನೆಯ ಸುವಾರ್ತೆ ಪೂರ್ತಿ ಓದಿದೆ. ಹೆಸರು ಒಬ್ಬಳದೇ, ಆದ್ರೆ ಅವಳು 'ನಮಗೆ' ಅಂತಾಳೆ. ಜೊತೆಗೆ ಇನ್ನೂ ಯಾರೋ ಇದ್ದಿರಬೇಕು. ಅಲ್ಲಿಗೆ ನನ್ನ ಆ ಪಾಯಿಂಟು ಅರ್ಧ ಬಿದ್ದುಹೋಯ್ತು. ಇದು ನಿನ್ನ ಕಣ್ಣಿಗೆ ಬೀಳಲಿಲ್ಲವೇನಮ್ಮ?"

"ಬಿತ್ತು ಸರ್."

"ಮತ್ತೆ ಯಾಕೆ ಹೇಳಲಿಲ್ಲ?"

"ಕ್ಷಮೆ ಕೇಳೋವಾಗ ವಾದ ಮಾಡಬಾರದು ಅನ್ನಿಸ್ತು."

ಮೇಷ್ಟ್ರು ನಕ್ಕರು. ಈ ಸಲ ಜನರೂ ಹಿತವಾಗಿ ನಕ್ಕರು. "ಆದ್ರೂ ನಾನು ನಂಬಲ್ಲ," ಎಂದರು ಮೇಷ್ಟ್ರು. "ನೀನು ಯಾಕೆ ನಂಬ್ತೀಯ, ಅದನ್ನ ಹೇಳು. ನನ್ನ ಬಾಯಿ ಮುಚ್ಚಿಸೋದಕ್ಕೆ ಬೇಡ, ನನಗೆ ತಿಳ್ಕೊಳ್ಳೋದಕ್ಕೆ."

ವಕೀಲಮ್ಮ ಅವರ ಕಡೆಗೆ ತಿರುಗಿದಳು. "ಹೆಂಗಸರ ಮಾತಿಗೆ ಅಷ್ಟಾಗಿ ಬೆಲೆ ಇಲ್ಲದ ಕಾಲ ಅದು. ಕಟ್ಟುಕಥೆ ಆಗಿದ್ರೆ ಮೊದಲ ಸಾಕ್ಷಿಯಾಗಿ ಯಾರೋ ದೊಡ್ಡ ಮನುಷ್ಯನನ್ನ ನಿಲ್ಲಿಸ್ತಿದ್ರು ಅಂತ ನನ್ನ ಲೆಕ್ಕ. ಇದು ನಿಮಗೆ ಪುರಾವೆ ಅನ್ನಿಸದೆ ಇರಬಹುದು ಸರ್. ನನಗೆ ಭರವಸೆ ಬಂದಿದ್ದು ಈ ದಾರೀಲಿ."

ಹಿಂದಿನ ಸಾಲಿನಿಂದ ಆಸ್ಪತ್ರೆಯ ದಾದಿಯೊಬ್ಬಳು ಕೇಳಿದಳು: "ಅವನು ಎದ್ದುಬಂದಿದ್ದು ನಿಜ ಆದ್ರೆ, ನನ್ನ ವಾರ್ಡಿನಲ್ಲಿ ಚಿಕ್ಕ ಮಕ್ಕಳು ಯಾಕೆ ಸಾಯ್ತಾರೆ?"

ಹೋದ ವಾರವಾದರೆ ವಕೀಲಮ್ಮನ ಬಳಿ ಮೂರು ಉತ್ತರ ಸಿದ್ಧವಿರುತ್ತಿದ್ದವು. "ಗೊತ್ತಿಲ್ಲ ತಾಯಿ," ಎಂದಳು. "ನಾನೂ ಪ್ರಾರ್ಥನೆಯಲ್ಲಿ ಅದನ್ನೇ ಕೇಳ್ತೀನಿ."

ಮೇಷ್ಟ್ರು, "ನನಗೂ ಗೊತ್ತಿಲ್ಲ," ಎಂದು ಕುರ್ಚಿಯನ್ನು ದಾದಿಯ ಕಡೆಗೆ ತಿರುಗಿಸಿಕೊಂಡು ಕೂತರು. ಅವಳು ತನ್ನ ವಾರ್ಡಿನ ಬಗ್ಗೆ ಹೇಳಿದಳು, ಉಳಿದವರು ಕೇಳಿದರು. ಯಾರಿಗೂ ಏಳುವ ಮನಸ್ಸಿರಲಿಲ್ಲ.

ಮೇಷ್ಟ್ರು ನಂಬಿಕೆಗೆ ಬರಲಿಲ್ಲ, ಇಂದಿಗೂ ಬಂದಿಲ್ಲ. ಆದರೆ ಗುರುವಾರದ ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿಗೆ ಅಂಗಡಿಗೆ ಬಂದು ಕೂರುತ್ತಾರೆ. ಇಬ್ಬರೂ ಒಂದೇ ಪುಸ್ತಕದ ಮೇಲೆ ಬಾಗಿ ಜಗಳವಾಡುತ್ತಾರೆ. ತಮ್ಮ ವಾದ ಸೋಲುವ ಸಾಲು ಕಂಡರೆ ಕಂಡವರೇ ಬೆರಳಿಟ್ಟು ತೋರಿಸಬೇಕೆಂದು ಅವರಲ್ಲಿ ಒಪ್ಪಂದವಾಗಿದೆ. ಕಳೆದ ವಾರ ಚರ್ಚಿನ ಹಿರಿಯರೂ ಬಂದರು. ಕನ್ನಡಕದ ಕಾಲು ಸಡಿಲವಾಗಿದೆ ಎಂದು ಬಂದವರು, ಅದನ್ನು ಬಿಗಿ ಮಾಡಿಕೊಟ್ಟ ಮೇಲೂ ಇಬ್ಬರ ಜಗಳ ಕೇಳುತ್ತ ಒಂದು ಗಂಟೆ ಅಲ್ಲೇ ಕೂತಿದ್ದರು.