ಏಳನೆಯ ಮರಿ

ಕೋಲ್ಕತ್ತದ ಸದರ್ನ್ ಅವೆನ್ಯೂವಿನ ಮನೆಗೆ ಯಾರೇ ಬರಲಿ, ಸ್ನೇಹಲತಾ ಮಗಳ ಕತೆ ಶುರುಮಾಡುತ್ತಿದ್ದರು. "ನಮ್ಮ ಕ್ಷಮಾ ಅಮೆರಿಕದಲ್ಲಿ ಹಕ್ಕಿಮರಿಗಳಿಗೆ ದಕ್ಷಿಣಕ್ಕೆ ಹೋಗುವ ದಾರಿ ಕಲಿಸಿ ಬಂದವಳು. ತಾಯಿ ಇಲ್ಲದ ಮರಿಗಳು ಮಾರಾಯ್ರೆ, ಪುಟ್ಟ ವಿಮಾನದ ಹಿಂದೆ ಹಾರುವುದು!" ಕ್ಷಮಾ ಏನಾದರೊಂದು ನೆಪ ಹೇಳಿ ಒಳಗೆ ಹೋಗುತ್ತಿದ್ದಳು.

ಅಮ್ಮ ಹೇಳುತ್ತಿದ್ದುದು ಸುಳ್ಳಲ್ಲ. ಅಳಿವಿನಂಚಿನಲ್ಲಿದ್ದ ವೂಪಿಂಗ್ ಕ್ರೇನ್ ಎಂಬ ಬಿಳಿ ಕ್ರೌಂಚಗಳ ಮರಿ ಸಾಕಿ, ಮೊದಲ ಚಳಿಗಾಲದಲ್ಲಿ ದಾರಿ ತೋರಿಸುವ ತಂಡಕ್ಕೆ ಅವಳೂ ಕಾಲೇಜಿನ ಗೆಳೆಯ, ಟಾಲಿಗಂಜ್‌ನ ಗೌರವ್‌ನೂ ಒಟ್ಟಿಗೆ ಸೇರಿದ್ದರು. ಮರಿಗಳಿಗೆ ಮನುಷ್ಯರ ಮುಖ ಕಾಣಬಾರದು, ದನಿ ಕೇಳಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು. ಮೈತುಂಬ ಬಿಳಿ ನಿಲುವಂಗಿ, ಮುಖಕ್ಕೆ ಮುಸುಕು, ಕೈಗೆ ಕ್ರೌಂಚದ ತಲೆಯ ಗೊಂಬೆ. ಮನುಷ್ಯರ ಸಲಿಗೆ ಬೆಳೆಸಿಕೊಂಡ ಹಕ್ಕಿ ಹೊರಗೆ ಬದುಕುವುದಿಲ್ಲ.

ಏಳನೆಯ ಮರಿಗೆ ಕಾಲುನೋವೆಂದು ಅದನ್ನು ಬೇರೆ ಇಟ್ಟಿದ್ದರು. ಗುಡುಗು ಬಂದ ಒಂದು ಸಂಜೆ ಅದು ನಡುಗುವುದನ್ನು ನೋಡಲಾರದೆ ಕ್ಷಮಾ ಮುಸುಕು ಸರಿಸಿ, "ಹೆದರ್ಬೇಡ ಮಗಾ, ನಾನಿದ್ದೇನೆ" ಎಂದಳು. ಮರಿ ಅವಳ ಮಡಿಲಿಗೆ ಕೊಕ್ಕು ತೂರಿಸಿ ಸುಮ್ಮನಾಯಿತು. ಆಮೇಲೆ ಎರಡು ವಾರ ದಿನವೂ ಮಾತಾಡಿದಳು. ಕಾಲು ವಾಸಿಯಾಗಿ, ಅದು ಎಲ್ಲವುಗಳಿಗಿಂತ ಚೆನ್ನಾಗಿ ಹಾರಿ ದಕ್ಷಿಣದ ಫ್ಲೋರಿಡಾ ಮುಟ್ಟಿದಾಗ, ತಾನು ಮಾಡಿದ್ದೇ ಸರಿ ಅನ್ನಿಸಿತ್ತು ಅವಳಿಗೆ.

ಫೆಬ್ರವರಿಯಲ್ಲಿ ಅದು ಜೌಗುನೆಲ ಬಿಟ್ಟು ಜನರ ಅಂಗಳಗಳಿಗೆ ನಡೆದು ಬರತೊಡಗಿತು. ಓಡಿಸಿದರೂ ಹೋಗಲಿಲ್ಲ. ಕೊನೆಗೆ ಹಿಡಿದು ಮೃಗಾಲಯಕ್ಕೆ ಕಳಿಸಿದರು. ಅದರ ಕಿವಿಗೆ ಯಾರ ದನಿ ಬಿದ್ದಿತ್ತೆಂದು ತಂಡದ ಮುಖ್ಯಸ್ಥೆ ಕೇಳಿದಾಗ ಗೌರವ್ ಎದ್ದು ನಿಂತು, ತಾನೊಮ್ಮೆ ಅದರ ಬಳಿ ಜೋರಾಗಿ ಕೆಮ್ಮಿದ್ದೆ ಎಂದ. ಮುಂದಿನ ವರ್ಷಕ್ಕೆ ಅವನು ಬೇಡ ಎಂದಾಯಿತು. ಪಕ್ಕದ ಕುರ್ಚಿಯಲ್ಲೇ ಇದ್ದ ಕ್ಷಮಾ ಬಾಯಿ ಬಿಡಲಿಲ್ಲ.

ಕೋಲ್ಕತ್ತಕ್ಕೆ ಮರಳಿ ತಿಂಗಳಾದ ಮೇಲೆ ಅವನು ಅವಳನ್ನು ಊರ ನಡುವಿನ ಎಸ್ಪ್ಲನೇಡಿಗೆ ಕರೆದ. ಇಬ್ಬರೂ ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ನಿಂತರು. ಗೌರವ್ ಸೊರಗಿಹೋಗಿದ್ದ.

"ಮೃಗಾಲಯಕ್ಕೆ ಬರೆದಿದ್ದೆ," ಎಂದ ಬಂಗಾಳಿಯಲ್ಲಿ. "ಹೆಂಗಸರ ದನಿ ಕೇಳಿದರೆ ಬೇಲಿಯ ಹತ್ತಿರ ಓಡಿ ಬರುತ್ತಂತೆ. ನನ್ನ ಕೆಮ್ಮಿಗೂ ಅದಕ್ಕೂ ಏನು ಸಂಬಂಧವೋ! ಆದರೂ ಅದರ ಬದುಕು ಹಾಳುಮಾಡಿದೆ ಅನ್ನೋದು ತಲೆಯಿಂದ ಹೋಗ್ತಿಲ್ಲ."

"ನೀನಲ್ಲ, ನಾನು," ಎಂದಳು ಕ್ಷಮಾ. ಒಂದನ್ನೂ ಬಿಡದೆ ಹೇಳಿದಳು.

ಗೌರವ್ ಬೈಯಲಿಲ್ಲ. "ನಾನು ಎದ್ದು ನಿಂತಾಗ ನೀನು ಪಕ್ಕದಲ್ಲೇ ಇದ್ದೆ," ಎಂದಷ್ಟೇ ಹೇಳಿ ಮೆಟ್ರೋ ಮೆಟ್ಟಿಲಿಳಿದು ಹೋದ.

ಅಂದೇ ಅವಳು ಮುಖ್ಯಸ್ಥೆಗೆ ಬರೆದಳು. ವಾರದೊಳಗೆ ಉತ್ತರ ಬಂತು: ಗೌರವ್‌ನನ್ನು ಮತ್ತೆ ಕರೆಸುತ್ತೇವೆ, ನಿನ್ನನ್ನು ಇಲ್ಲ. ಹಕ್ಕಿಯನ್ನಂತೂ ಇನ್ನು ಹೊರಗೆ ಬಿಡುವಂತಿಲ್ಲ.

ಓದಿದ ಸ್ನೇಹಲತಾ ಮಗಳ ತಲೆ ಸವರಿದರು. "ಪಾಪದ ಮರಿ, ಹೆದರಿತ್ತಲ್ಲ. ಸಮಾಧಾನ ಮಾಡಿದ್ದು ತಪ್ಪಾ?"

"ತಪ್ಪೇ ಅಮ್ಮ. ಗುಡುಗು ನಿಂತ ಮೇಲೂ ಮಾತಾಡಿದ್ದು ನನ್ನ ಖುಷಿಗೆ."

ಜೂನ್‌ನಲ್ಲಿ ಅವನಿಂದ ಸುದ್ದಿಯೇ ಬಾರದೆ ಅವಳು ಟಾಲಿಗಂಜ್‌ಗೆ ಫೋನ್ ಮಾಡಿದಾಗ ಗೌರವ್‌ನ ತಾಯಿ ಎತ್ತಿಕೊಂಡರು. "ನಿನ್ನೆಯೇ ಅಮೆರಿಕಕ್ಕೆ ಹೊರಟನಲ್ಲ! ನಿನಗೆ ಹೇಳಲಿಲ್ಲವೇ?"

"ಹೇಳಿದ್ದ ಮಾಶಿ, ನಾನೇ ಮರೆತಿದ್ದೆ," ಎಂದು ಕ್ಷಮಾ ಫೋನ್ ಇಟ್ಟಳು.