ಹಿತ್ತಲ ತೊಟ್ಟಿಗೆ ಗುಬ್ಬಿಯ ಬೀಗಿತ್ತಿ

ಮೂವತ್ತು ವರ್ಷ ಊರವರ ಜಮೀನು ಅಳೆದು ರಿಟೈರಾದ ಸರ್ವೆಯರ್ ಚನ್ನಬಸವಯ್ಯ, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ತಮ್ಮದೇ ಹಿತ್ತಲನ್ನು ಅಳೆಯತೊಡಗಿದಾಗ ಕುಣಿಗಲ್ಲಿನ ಆ ಬೀದಿಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ನಾಲ್ಕು ಮೂಲೆಗೂ ಗೂಟ ಹೊಡೆದರು, ದಾರ ಕಟ್ಟಿದರು, ಒಗೆಯುವ ಕಲ್ಲನ್ನು ಬೇಲಿಯ ಕಡೆಗೆ ಎತ್ತಿಸಿದರು. ಇಷ್ಟೆಲ್ಲ ಮಾಡಿದ್ದು ಒಂದು ಕಲ್ಲಿನ ತೊಟ್ಟಿಗಾಗಿ. ಕುದುರೆ ಫಾರಂನ ಹರಾಜಿನಲ್ಲಿ ಹಿಡಿದ ಆ ತೊಟ್ಟಿಯನ್ನು ಗಾಡಿಯಿಂದ ಇಳಿಸಲು ಎಂಟು ಜನ ಬೇಕಾಯಿತು.

"ಅಲ್ಲ ಕಣಪ್ಪಾ, ಕುದುರೆ ನೀರು ಕುಡ್ದಿರೋ ತೊಟ್ಟೀಲಿ ಬಾಣಂತಿ ಕೂರಿಸ್ತೀಯಾ? ಮಗು ಕೆನೆದ್ರೆ ಏನ್ಮಾಡ್ತೀಯಾ?" ಎಂದು ಬೇಲಿಯಾಚೆಯಿಂದ ಕೇಳಿದಳು ಪಕ್ಕದ ಮನೆಯ ಪುಟ್ಟತಾಯಮ್ಮ. ಆ ಬೀದಿಯ ಅರ್ಧದಷ್ಟು ಬಾಣಂತಿಯರಿಗೆ ನೀರು ಹಾಕಿದ ಕೈ ಅವಳದು.

"ಮೂರು ಸಲ ಉಜ್ಜಿಸಿ ತೊಳ್ಸಿದೀನಿ ಕಣಕ್ಕಾ," ಎಂದರು ಚನ್ನಬಸವಯ್ಯ ಬಲು ಗಂಭೀರವಾಗಿ.

ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ. ಮಗಳು ಉಮಾಮಹೇಶ್ವರಿಗೆ ಆಗ ಏಳು ತಿಂಗಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಅವಳ ಅತ್ತೆ ಬಸವಲಿಂಗಮ್ಮ ಗುಬ್ಬಿಯಿಂದ ಕಾಗದ ಬರೆಸಿದ್ದರು: ತಾಯಿಯಿಲ್ಲದ ಮನೆ, ಗಂಡಸು ಬಾಣಂತನ ಮಾಡುವುದುಂಟೆ, ಹುಡುಗಿ ಇಲ್ಲೇ ಇರಲಿ. ಹೆಂಡತಿ ತೀರಿಕೊಂಡಾಗ ಉಮಾಗೆ ಒಂಬತ್ತು ವರ್ಷ. ಅಂದಿನಿಂದ ಅವಳಿಗೆ ತಲೆ ಬಾಚಿದ್ದು ಈ ಮನುಷ್ಯನೇ. ಎರಡು ಜಡೆಯೂ ಸಮ ಇವೆಯೋ ಇಲ್ಲವೋ ಎಂದು ಸ್ಕೇಲು ಹಿಡಿದು ನೋಡಿ ಸ್ಕೂಲಿಗೆ ಕಳಿಸುತ್ತಿದ್ದರು. ಈಗ ಈ ಒಂದು ಬಾಣಂತನ ಕೈತಪ್ಪಿ ಹೋದರೆ ತಾವು ಅಪ್ಪನಾಗಿ ಏನು ಮಾಡಿದ ಹಾಗಾಯಿತು ಎಂಬುದು ಅವರ ಚಿಂತೆ. "ಒಂದು ಸಲ ಬಂದು ನೋಡಿ, ಆಮೇಲೆ ಹೇಳಿ," ಎಂದು ಬೀಗಿತ್ತಿಗೆ ಉತ್ತರ ಬರೆದರು.

ಗಾರೆ ಕೆಲಸದ ಜುಂಜಪ್ಪ ತೊಟ್ಟಿಯ ಸುತ್ತ ಕಲ್ಲು ಹಾಸುವಾಗ ತಲೆ ಕೆರೆದುಕೊಂಡ. "ಸಾಮಿ, ಸ್ವಲ್ಪ ವಾಟ ಕೊಡಣ. ನೀರು ಬೇಲಿ ಕಡೆ ಇಳೀಬೇಕಲ್ಲ?"

"ಸರ್ವೆಯರ್ ಮನೆ ನೆಲ ಓರೆ ಇರೋದಾ? ಇಡೋ ರಸಮಟ್ಟ!"

ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿತು. ಚನ್ನಬಸವಯ್ಯ ಆ ಗುಳ್ಳೆಯನ್ನು ಎರಡು ನಿಮಿಷ ಕಣ್ತುಂಬ ನೋಡಿದರು. ಜುಂಜಪ್ಪ, "ನಿಮ್ಮಿಷ್ಟ ಬುಡಿ," ಎಂದು ಕರಣೆ ತೊಳೆದುಕೊಂಡ.

ಮುಂದಿನ ಸೋಮವಾರ ಬಸವಲಿಂಗಮ್ಮ ತುಮಕೂರಿನಲ್ಲಿ ಬಸ್ಸು ಬದಲಿಸಿಕೊಂಡು ಬಂದೇ ಬಿಟ್ಟರು. ಮಂಡಿ ಹಿಡಿದುಕೊಂಡು ಹಿತ್ತಲೆಲ್ಲ ಸುತ್ತಿದರು. ಹಂಡೆ ತಟ್ಟಿ ನೋಡಿದರು, ಸೋಗೆಯ ಮರೆ ಅಲ್ಲಾಡಿಸಿದರು, ಸೌದೆ ಹಸಿಯಿದೆಯೇ ಎಂದು ಮುರಿದು ನೋಡಿದರು. ತಪ್ಪು ಸಿಗದೆ ಮುಖ ಇನ್ನಷ್ಟು ಬಿಗಿಯಿತು.

"ಎಲ್ಲಾ ಸರಿ ಬೀಗ್ರೇ. ನೀರು ಹಾಕೋ ಕೈ ಎಲ್ಲಿದೆ?"

"ಪುಟ್ಟತಾಯಕ್ಕ ಹಾಕ್ತಾರೆ."

"ಅವ್ರ ಕೈ ಹೆಂಗೋ ಏನೋ, ಯಾರು ಕಂಡವ್ರೆ?"

ಹಂಡೆಯ ಒಲೆಗೆ ಸೌದೆ ತಳ್ಳುತ್ತಿದ್ದ ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅದಕ್ಯಾಕೆ ಯೋಚ್ನೆ? ನೀವೇ ಕೂತ್ಕಂಡು ನೋಡ್ಬುಡಿ. ಹಂಡೇಲಿ ನೀರು ಕುದೀತಾ ಐತೆ."

"ಶಿವಶಿವಾ, ಈ ವಯಸ್ಸಲ್ಲಿ ನಂಗ್ಯಾಕೆ!" ಎಂದ ಬಸವಲಿಂಗಮ್ಮ, ಆಮೇಲೆ "ಪರೀಕ್ಷೆಗಷ್ಟೇ ಕಣಮ್ಮಾ," ಎನ್ನುತ್ತ ಮರೆಯ ಹಿಂದೆ ಹೋದರು.

ಚನ್ನಬಸವಯ್ಯ ನಡುಮನೆಗೆ ಬಂದು ಕೂತರು. ಮೊದಲು "ಅಯ್ಯಯ್ಯೋ, ಸುಡ್ತದೆ!" ಎಂಬ ಕೂಗು ಕೇಳಿತು. ಆಮೇಲೆ ನೀರು ಸುರಿಯುವ ಸದ್ದು. ಆಮೇಲೆ ಅರ್ಧ ಗಂಟೆ ಮಾತೇ ಇಲ್ಲ. ಬೀಗಿತ್ತಿ ಮೂರ್ಛೆ ಹೋದರೋ ಏನೋ, ತಮ್ಮ ಕಥೆ ಮುಗಿಯಿತು ಎಂದುಕೊಂಡರು. ಅಷ್ಟರಲ್ಲಿ ಯಾರೋ ತೊಟ್ಟಿಯ ಬಿರಡೆ ಕಿತ್ತರು. ರಸಮಟ್ಟಕ್ಕೆ ಒಪ್ಪಿಗೆಯಾಗಿದ್ದ ನೆಲದ ಮೇಲೆ ನೀರು ಎಲ್ಲ ದಿಕ್ಕಿಗೂ ಸಮನಾಗಿ ಹರಡಿ, ನಿಧಾನವಾಗಿ ಅಡುಗೆಮನೆಯ ಹೊಸ್ತಿಲು ದಾಟಿತು. ಚನ್ನಬಸವಯ್ಯ ಪಂಚೆ ಎತ್ತಿ ಕಟ್ಟಿ, ಅನ್ನದ ತಟ್ಟೆಯಲ್ಲಿ ನೀರು ಮೊಗೆಯತೊಡಗಿದರು.

ಬಸವಲಿಂಗಮ್ಮ ತಲೆಗೆ ಟವಲು ಸುತ್ತಿಕೊಂಡು ಬಾಗಿಲಲ್ಲಿ ನಿಂತರು. ಕಣ್ಣು ಕೆಂಪಗಿತ್ತು. ಬೀಗರನ್ನೂ ತಟ್ಟೆಯನ್ನೂ ನೋಡಿದರು, ನಗಲಿಲ್ಲ.

"ಮೂವ್ರು ಸೊಸೇರಿಗೆ, ಇಬ್ರು ಹೆಣ್ಮಕ್ಳಿಗೆ ನೀರು ಹಾಕಿದೀನಿ ಬೀಗ್ರೇ. ನನ್ ಬೆನ್ನಿಗೆ ಒಬ್ರು ಹಾಕಿ ಮೂವತ್ತು ವರ್ಷ ಆಗಿತ್ತು. ನಮ್ಮವ್ವ ಹಾಕಿದ್ದೇ ಕೊನೆ." ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ಉಮನ್ನ ಮುಂದಿನ ತಿಂಗಳು ಕಳಿಸ್ತೀನಿ."

ಚನ್ನಬಸವಯ್ಯ ತಟ್ಟೆ ಹಿಡಿದುಕೊಂಡೇ ಕೈ ಮುಗಿದರು, ನೀರು ಪಂಚೆಯ ಮೇಲೆ ಚೆಲ್ಲಿತು.

"ಮತ್ತೆ, ವಾರಕ್ಕೊಂದ್ಸಲ ನಾನೂ ಬತ್ತೀನಿ. ಸೊಸೆ ನೋಡ್ಕಂಡು ಹೋಗೋಕೆ," ಎಂದ ಬಸವಲಿಂಗಮ್ಮನವರ ಕಣ್ಣು ಮಾತ್ರ ತೊಟ್ಟಿಯ ಮೇಲಿತ್ತು.

"ಯಾವ ವಾರ ಅಂತ ಮೊದ್ಲೇ ಹೇಳ್ಬುಡಿ," ಎಂದಳು ಪುಟ್ಟತಾಯಮ್ಮ. "ಎರಡು ಹೊರೆ ಸೌದೆ ಜಾಸ್ತಿ ಬೇಕು."

ಅಂದು ಸಂಜೆಯೇ ಚನ್ನಬಸವಯ್ಯ ಜುಂಜಪ್ಪನ ಮನೆಗೆ ಹೋದರು. ನೆಲ ಸ್ವಲ್ಪ ಓರೆ ಮಾಡಿಕೊಡಪ್ಪಾ ಎಂದು, ಹುಟ್ಟಿದಾಗಿನಿಂದ ಮೊದಲ ಸಲ, ಒಬ್ಬರನ್ನು ಕೇಳಿಕೊಂಡರು.