ಕಾಕಿಗೆಂದು ತಂದ ಸೀರೆ

“ಇದಕ್ಕಿಂತ ಸಾದಾ ಇಲ್ಲೇನ್ರಿ?” ಎಂದು ಮಧುಕರ ಕನ್ನಡದಲ್ಲಿ ಕೇಳಿಬಿಟ್ಟು, ಆಮೇಲೆ ಎಚ್ಚರವಾಗಿ ಅದನ್ನೇ ಮರಾಠಿಯಲ್ಲಿ ಕೇಳಿದ. ದಾರಿಯಲ್ಲಿ ಸಿಕ್ಕ ಯೇವಲಾದ ಆ ಸೀರೆ ಅಂಗಡಿಯವನು ಗಿಳಿಹಸಿರು, ನೇರಳೆ, ಕುಂಕುಮಗೆಂಪು ಎಂದು ಗಾದಿಯ ತುಂಬ ರೇಷ್ಮೆಯ ಪೈಠಣಿ ಹರವಿಕೊಂಡು ಕುಳಿತಿದ್ದ. ಮಧುಕರ ಒಂದೊಂದನ್ನೂ ಬೆರಳ ತುದಿಯಿಂದ ಆಚೆ ಸರಿಸುತ್ತಿದ್ದ. ಉಡುವವರಿಗೆ ವಯಸ್ಸಾಗಿದೆ, ಅವರ ಯಜಮಾನರು ಯುದ್ಧದಲ್ಲಿ ಮಡಿದವರು ಎಂದು ದನಿ ತಗ್ಗಿಸಿ ಹೇಳಿದ. ಹಾಗೆ ಹೇಳುವಾಗ ಅವನ ಮುಖದಲ್ಲಿ ಗಂಭೀರವಾದೊಂದು ಕಳೆ ಬಂತು. ಈಚೆಗೆ ಆ ಕಳೆ ಅವನಿಗೆ ರೂಢಿಯಾಗಿತ್ತು.

“ಪೈಠಣೀತ ಅಸಲಾ ರಂಗ ನಸತೋ, ಸಾಹೇಬ,” ಎಂದ ಅಂಗಡಿಯವನು. ಪೈಠಣಿಯಲ್ಲಿ ಅಂಥ ಬಣ್ಣವೇ ಇರುವುದಿಲ್ಲವಂತೆ. ಆದರೂ ಗಿರಾಕಿಯನ್ನು ಬಿಡಲು ಮನಸ್ಸಾಗದೆ ಕೆಳಗಿನ ಕಪಾಟಿನಿಂದ ಒಂದು ನೂಲಿನ ಸೀರೆ ಎಳೆದು ಕೊಟ್ಟ. ಬೂದಿ ಬಣ್ಣ, ಜರಿಯಿಲ್ಲ, ಅಂಚು ಇದೆಯೋ ಇಲ್ಲವೋ ಎಂಬಂತಿತ್ತು.

“ಹಿಂಗ ಬೋಳು ಬೋಳು ಒಯ್ಯೋದೇನ್ರಿ?” ಎಂದಳು ಹೆಂಡತಿ ಅಲಕಾ.

“ಶಹೀದರ ಹೆಂಡತಿಗೆ ನವಿಲಿನ ಸೆರಗು ಒಯ್ದರ ನಗ್ತಾರ,” ಎಂದು ಮಧುಕರ ಚೀಲ ಕಂಕುಳಲ್ಲಿ ಇಟ್ಟುಕೊಂಡು ಕಾರು ಹತ್ತಿದ.

ಭಾಲ್ಕಿ ಕಡೆಯ ಮಧುಕರ ಬ್ಯಾಂಕಿನ ವರ್ಗಾವಣೆಯಲ್ಲಿ ನಾಶಿಕಕ್ಕೆ ಬಂದು ಅಲ್ಲೇ ಮನೆ ಮಾಡಿಕೊಂಡವನು. ವಸತಿ ಸೊಸೈಟಿಯ ಜನಕ್ಕೆ ಅವನು ‘ಕರ್ನಾಟಕವಾಲೆ ಸಾಹೇಬ’ ಮಾತ್ರ. ಸಭೆಗಳಲ್ಲಿ ಅವನ ಮಾತಿಗೆ ಯಾರೂ ಕಿವಿ ಕೊಟ್ಟವರಲ್ಲ. ಈ ಸಲ ಹೊಸ ಉದ್ಯಾನಕ್ಕೆ ಯಾರ ಹೆಸರಿಡಬೇಕೆಂದು ಜಗಳ ಹತ್ತಿದಾಗ ಅವನಿಗೆ ಏನನ್ನಿಸಿತೋ, ಎದ್ದು ನಿಂತು, “ನಮ್ಮ ಕಾಕಾ ವೈಜನಾಥ ಎಪ್ಪತ್ತೊಂದರ ಯುದ್ಧದಲ್ಲಿ ಪ್ರಾಣ ಕೊಟ್ಟವರು,” ಅಂದುಬಿಟ್ಟ. ಅಧ್ಯಕ್ಷರು ಎದ್ದು ಬಂದು ಕೈ ಕುಲುಕಿದರು. ಉದ್ಯಾನಕ್ಕೆ ಆ ಹೆಸರೇ ಎಂದಾಯಿತು. ಆಗಸ್ಟ್ ಹದಿನೈದರಂದು ಫೋಟೋ ಇರುವ ಫಲಕ ಹಾಕಬೇಕು, ಕಾಕಿ ಇದ್ದರೆ ಅವರ ಕೈಯಿಂದಲೇ ಪರದೆ ಸರಿಸಬೇಕು ಎಂದೂ ಆಯಿತು. ಅಂದಿನಿಂದ ಲಿಫ್ಟಿನಲ್ಲಿ ಜನ ಮೊದಲು ಅವನಿಗೆ ದಾರಿ ಬಿಡುತ್ತಿದ್ದರು.

ಆದರೆ ಕಾಕಾನ ಒಂದು ಫೋಟೋ ಕೂಡ ಅವನ ಮನೆಯಲ್ಲಿರಲಿಲ್ಲ. ಫೋಟೋ ಏಕೆ, ಆ ಹೆಸರೇ ಇರಲಿಲ್ಲ. ವೈಜನಾಥ ಎಂಬ ಹೆಸರಿಗೆ ಆಯುಷ್ಯವಿಲ್ಲ, ಯಾವ ಕೂಸಿಗೂ ಇಡಬೇಡಿ ಎಂದು ಅಜ್ಜಿ ಕಟ್ಟು ಹಾಕಿದ್ದಳು. ತಾಯಿ ಕಸ್ತೂರಿಬಾಯಿಯನ್ನು ಕೇಳಿದರೆ ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

“ಇದ್ದದ್ದೊಂದು ಫೋಟೋ ಹನುಮವ್ವ ತಗೊಂಡು ಹೋದ್ಲು.”

“ಕಾಕಿ ಯಾಕ ಹೋದ್ಳವ್ವಾ?”

“ತವರಿಗೆ ಹೋದ್ಲು. ಹೆಣ್ಣಮಕ್ಕಳು ತವರಿಗೆ ಹೋಗೂದಿಲ್ಲೇನು?”

ಮಧುಕರ ಭಾಲ್ಕಿಗೆ, ಹುಮನಾಬಾದಿಗೆ, ಕಾಕಿಯ ತವರಿನ ಹಳ್ಳಿಗೆ ಫೋನ್ ಹಚ್ಚಿ ಹಚ್ಚಿ, ಅವರಿವರನ್ನು ಕಾಡಿ ಬೇಡಿ, ಕಡೆಗೆ ಆಕೆ ಸಂಭಾಜಿನಗರದಲ್ಲಿದ್ದಾಳೆ ಎಂಬುದನ್ನೂ ಮನೆಯ ಗುರುತನ್ನೂ ಪತ್ತೆ ಮಾಡಿದ. ಅದಕ್ಕಿಂತ ಹೆಚ್ಚಿಗೆ ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ಅರ್ಧ ಶತಮಾನ ಯಾರಿಗೂ ಬೇಡವಾಗಿದ್ದ ಹೆಂಗಸು ಒಂದೇ ವಾರದಲ್ಲಿ ಸಿಕ್ಕಿದ್ದಳು! ಹುಡುಕಿದರೆ ಇಷ್ಟು ಸಲೀಸಾಗಿ ಸಿಗುತ್ತಿದ್ದಳಲ್ಲ ಎಂಬುದು ಮಧುಕರನಿಗೆ ಆಗ ಹೊಳೆಯಲಿಲ್ಲ. ಅವನ ಮನಸ್ಸಿನಲ್ಲಿ ಕಾಕಿ ಬಿಳಿ ಸೀರೆಯುಟ್ಟು, ತಲೆ ಬಗ್ಗಿಸಿ, ಎಲ್ಲೋ ಒಂದು ಕತ್ತಲ ಕೋಣೆಯಲ್ಲಿ ಇಷ್ಟು ವರ್ಷವೂ ಕಾದು ಕುಳಿತಿದ್ದಳು.

ಸಂಭಾಜಿನಗರದ ಆ ಮನೆಯ ಬಾಗಿಲು ತೆರೆದವಳು ದುಂಡು ಮುಖದ ಮುದುಕಿ. ಹಣೆಯಲ್ಲಿ ವಿಭೂತಿ, ಅದರ ನಡುವೆ ಕಾಸಗಲ ಕುಂಕುಮ. ಕೊರಳಲ್ಲಿ ತಾಳಿ. ಮೊಣಕೈಗೆ ಸ್ವಲ್ಪವೇ ಕೆಳಗಿನತನಕ ಹಸಿರು ಬಳೆ. ಮೈಮೇಲೆ ದಾಸವಾಳದ ಬಣ್ಣದ ಇಳಕಲ್ ಸೀರೆ.

“ಹನುಮವ್ವ ಕಾಕಿ ಅದಾರೇನ್ರಿ?” ಎಂದ ಮಧುಕರ.

“ನಾನೇ ಅಲಾ! ನೀ ಮಧು ಏನು? ತಲಿ ಎಲ್ಲಾ ಬೆಳ್ಳಗಾತಲ್ಲೋ ನನ್ನಪ್ಪ!” ಎಂದು ಮುದುಕಿ ಅವನ ಗಲ್ಲ ಸವರಿ ನೆಟಿಕೆ ಮುರಿದಳು.

ಅಲಕಾ ಬಗ್ಗಿ ಕಾಲು ಮುಟ್ಟುತ್ತಲೇ ಗಂಡನ ಕಂಕುಳಿನ ಚೀಲವನ್ನು ಕಿತ್ತುಕೊಂಡು ತನ್ನ ಸೆರಗಿನ ಮರೆಗೆ ತೆಗೆದುಕೊಂಡಳು.

ಒಳಗಿನಿಂದ ಬಿಳಿ ಧೋತರದ ಎತ್ತರದ ಮುದುಕರೊಬ್ಬರು ಬಂದರು. “ಯಾ, ಯಾ, ಬಸಾ. ನನಗ ಕನ್ನಡ ಥೋಡಾ ಥೋಡಾ,” ಎಂದು ಕುರ್ಚಿ ಎಳೆದರು. ಅವರು ಸಂಗಮನಾಥ, ಕಾಕಿಯ ಗಂಡ. ಹತ್ತಿರದ ವೇರೂಳಿನ ಶಿವನ ಗುಡಿಯ ಮುಂದೆ ಹೂವು, ಬಿಲ್ವಪತ್ರೆ ಮಾರಿ ಸಂಸಾರ ಮಾಡಿದವರು. ಮಧುಕರ ಕೈ ಮುಗಿದ. ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಬ್ಯಾಂಕಿನಲ್ಲಿ ಮುಖ ತಪ್ಪಿಸಿ ಓಡಾಡುವ ಸಾಲಗಾರರನ್ನು ಕಂಡು ನಗುತ್ತಿದ್ದವನು ಈಗ ತಾನೇ ಎತ್ತ ನೋಡಬೇಕೆಂದು ತಿಳಿಯದೆ ಗೋಡೆ ನೋಡಿದ.

ಗೋಡೆಯ ಮೇಲೆ ಕಾಕಾ ಇದ್ದ. ಕುರ್ಚಿಯಲ್ಲಿ ಸಮವಸ್ತ್ರದಲ್ಲಿ ಕುಳಿತ ತರುಣ, ಪಕ್ಕದಲ್ಲಿ ನಿಂತ ಎಳೆಯ ಹುಡುಗಿ. ಹುಡುಗಿಯ ಬಳೆ ತುಂಬಿದ ಕೈ ಅವನ ಭುಜದ ಮೇಲಿತ್ತು. ಚೌಕಟ್ಟಿಗೆ ಅಂದಿನ ಬಿಲ್ವಪತ್ರೆ ಸಿಕ್ಕಿಸಿದ್ದರು.

“ಲಗ್ನಾ ಆಗಿ ಬರೂವಾಗ ಈಕಿ ಟ್ರಂಕಿನ್ಯಾಗ ಇತ್ತು,” ಎಂದರು ಸಂಗಮನಾಥ. “ಅಳಕೋತ ಮುಚ್ಚಿಟ್ಟಿದ್ಲು. ನಾನೇ ಗ್ವಾಡಿಗೆ ಖಿಳಾ ಹೊಡದು ಹಾಕಿದೆ.” ಹೇಳಿ, ಒಳಕ್ಕೆ ತಿರುಗಿ ಕೂಗಿದರು: “ವೈಜನಾಥಾ! ಚಹಾ ಆಣ ರೇ!”

ಮಧುಕರ ಕುಳಿತಲ್ಲೇ ಬೆಚ್ಚಿದ. ತನ್ನ ಮನೆಯಲ್ಲಿ ಯಾರೂ ಉಸಿರೆತ್ತದ ಹೆಸರು ಇಲ್ಲಿ ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಹೊರಟಿತ್ತು. ಚಹಾದ ತಟ್ಟೆ ಹಿಡಿದು ಬಂದವನು ಬಕ್ಕತಲೆಯ, ಹೊಟ್ಟೆ ಬಂದ, ಐವತ್ತರ ಹತ್ತಿರದ ಗೃಹಸ್ಥ. “ಆಯೀ ರೋಜ ಆಠವಣ ಕಾಢತೆ ತುಮಚೀ,” ಎಂದು ನಕ್ಕ. ಅವ್ವ ದಿನಾ ನಿಮ್ಮನ್ನು ನೆನೆಯುತ್ತಾಳೆ ಎಂದಾತನ ಮಾತು. ಮಧುಕರ ನಾಚಿಕೆಯಿಂದ ಆತನ ಮುಖ ನೋಡದೆ ಕಪ್ಪು-ಬಸಿ ತೆಗೆದುಕೊಂಡ.

ಬಂದ ಕೆಲಸ ಹೇಳಲೇಬೇಕಲ್ಲ. ಉದ್ಯಾನ, ಫಲಕ, ಆಗಸ್ಟ್ ಹದಿನೈದು ಎಂದು ತಡವರಿಸುತ್ತ ಹೇಳಿದ. ಹನುಮವ್ವ ಎಲ್ಲವನ್ನೂ ಕೇಳಿ ಫೋಟೋದ ಕಡೆ ತಿರುಗಿದಳು.

“ಅವರ ಹೆಸರು ಇಡ್ತೀರಿ ಅಂದ್ರ ಛಲೋ ಆತು ಬಿಡು. ನನ್ನೂ ಕರೀಲಿಕ್ಕ ಬಂದೀರೇನು?”

“ಹೌದು ಕಾಕಿ.”

“ನನ್ನ ಒಯ್ದು ಮಂದಿ ಮುಂದ ನಿಂದರಿಸಿ, ಈಕಿ ಯಾರಂತ ಹೇಳ್ತಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು. ಕಾಕಿ ಎನ್ನಬಹುದಿತ್ತು, ಅಷ್ಟೇ ಸಾಕಿತ್ತು. ಮಧುಕರನಿಗೆ ಅಧ್ಯಕ್ಷರ ಮುಖ, ಹಸಿರು ಬಳೆ, ಪಕ್ಕದಲ್ಲಿ ಕುಳಿತ ಸಂಗಮನಾಥ, ಲಿಫ್ಟಿನಲ್ಲಿ ನಾಳೆ ನಡೆಯುವ ಪಿಸುಮಾತು ಎಲ್ಲ ಒಮ್ಮೆಲೇ ಕಂಡವು. ಅವನು ತಲೆ ಬಗ್ಗಿಸಿ ಚಹಾ ಕುಡಿದ.

“ಇರ್ಲಿ ಬಿಡಪಾ, ನನಗೂ ಮೊಣಕಾಲ ಬ್ಯಾನಿ,” ಎಂದು ಹನುಮವ್ವನೇ ಅವನನ್ನು ಪಾರು ಮಾಡಿದಳು.

ಸಂಗಮನಾಥರು ಫೋಟೋ ಇಳಿಸಿ, ಧೋತರದ ಚುಂಗಿನಿಂದ ಗಾಜು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನಿಂತರು. ಮಧುಕರ ಮೊಬೈಲಿನಲ್ಲಿ ತೆಗೆದುಕೊಂಡ. “ಇದು ಇಬ್ಬರದು ಅದ,” ಎಂದರು ಮುದುಕರು. “ಇಬ್ಬರದೂ ಹಾಕ್ರಿ. ಅರ್ಧಾ ನಕೋ.”

“ಹಾಕ್ತೀನ್ರಿ. ಇಬ್ಬರದೂ ಹಾಕ್ತೀನಿ,” ಎಂದ ಮಧುಕರ.

ಹೊರಡುವಾಗ ಹನುಮವ್ವನ ಕಣ್ಣು ಅಲಕಾಳ ಸೆರಗಿನಿಂದ ಹೊರಗೆ ಇಣುಕಿದ ಚೀಲದ ಮೇಲೆ ಬಿತ್ತು. “ಯೇವಲಾದಾಗ ಇಳದಿದ್ರೇನು? ಏನ ತಗೊಂಡ್ರಿ?” ಎಂದು ಹೆಣ್ಣುಮಕ್ಕಳ ಹುರುಪಿನಿಂದ ಕೈ ಚಾಚಿದಳು.

“ನಮ್ಮ ಅತ್ತಿಯವರಿಗೊಂದು ಸೀರಿ,” ಎಂದಳು ಅಲಕಾ, ತಡಮಾಡದೆ.

ಹನುಮವ್ವ ಸೀರೆಯನ್ನು ತೊಡೆಯ ಮೇಲೆ ಬಿಚ್ಚಿ ಸವರಿದಳು. “ಕಸ್ತೂರಕ್ಕ ಈಗ ಇಂಥಾದ್ದು ಉಡ್ತಾಳ? ಆಕಿಗಿ ಹಳದಿ ಅಂದ್ರ ಜೀವ ಇತ್ತಲ್ಲ,” ಎಂದು ಕಣ್ಣೊರೆಸಿಕೊಂಡಳು. “ನಾ ಮುಟ್ಟಿ ಕೊಟ್ಟೀನಿ ಅಂತ ಹೇಳ್ರಿ.” ಸೀರೆ ಮಡಚಿ ಕೊಟ್ಟು, ಅಲಕಾಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಹಸಿರು ಖಣ ಹಾಕಿ ಉಡಿ ತುಂಬಿದಳು. ಗಂಡನಿರುವ ಹಿರಿಯಳಿಗೆ ತಾವು ತರಬೇಕಿದ್ದುದನ್ನು ತಾವೇ ಪಡೆಯುತ್ತ ಅಲಕಾ ತಲೆ ಎತ್ತಲಿಲ್ಲ.

ಬಾಗಿಲ ತನಕ ಬಂದ ಹನುಮವ್ವ ಮಧುಕರನ ಕೈ ಹಿಡಿದುಕೊಂಡಳು. “ಅವರು ಹೋದ್ರಂತ ತಾರು ಬಂದ ಮ್ಯಾಲ ನಿಮ್ಮಜ್ಜಿ ನನ್ನ ಕಾಲ್ಗುಣ ಅಂದ್ಲು. ಬಸ್ಸಿಗಿ ಹಚ್ಚಿದ್ರು. ನೀ ಸಣ್ಣಾವ, ನನ್ನ ಸೆರಗ ಬಿಡವಲ್ಲಿ. ನಿಮ್ಮವ್ವ ಒಂದೊಂದೇ ಬೆರಳು ಬಿಡಿಸಿದ್ಲು. ಪಾಪ, ಆಕೀನೂ ಅಳ್ತಿದ್ಲು. ಆಕಿಗಿ ಏನೂ ಅನಬ್ಯಾಡ, ತಮ್ಮಾ.”

ನಾಶಿಕಕ್ಕೆ ಬರುವವರೆಗೂ ಅಲಕಾ ಉಡಿಯ ತೆಂಗಿನಕಾಯಿಯನ್ನು ಮಡಿಲಲ್ಲೇ ಹಿಡಿದುಕೊಂಡಿದ್ದಳು.

ಮನೆಯಲ್ಲಿ ಮಗ ತನ್ಮಯ ಫೋಟೋ ನೋಡಿ, ಬದಿಗಿದ್ದ ಹುಡುಗಿಯನ್ನು ಏನು ಮಾಡೋಣ ಎಂದು ಕೇಳಿದ. ಮಧುಕರ ಎರಡು ರಾತ್ರಿ ಹೊರಳಾಡಿದ. ಇಬ್ಬರನ್ನೂ ಹಾಕಿದರೆ ಆಕೆ ಎಲ್ಲಿ ಎಂದು ಕೇಳುತ್ತಾರೆ. ಎಲ್ಲಿ ಎಂದರೆ ಏಕೆ ಎಂದು ಕೇಳುತ್ತಾರೆ. ಕಡೆಗೆ, “ಕಾಕಾ ಒಬ್ಬರೇ ಇರಲಿ,” ಎಂದ. ತನ್ಮಯ ಕಂಪ್ಯೂಟರಿನಲ್ಲಿ ಹುಡುಗಿಯನ್ನು ತೆಗೆದು ಹಾಕಿದ. ಭುಜದ ಮೇಲಿನ ಕೈ ಮಾತ್ರ ಉಳಿಯಿತು.

“ಹಾತ ಪಣ ಕಾಢೂ ಕಾ, ಪಪ್ಪಾ?” ಕೈಯನ್ನೂ ತೆಗೆಯಲೇ ಎಂದ ಹುಡುಗ. “ಏಕ ಮಿನಿಟ ಲಾಗೇಲ.”

ಆಕೆಯನ್ನು ಪೂರ್ತಿ ತೋರಿಸುವ ಧೈರ್ಯ ಮಧುಕರನಿಗಿರಲಿಲ್ಲ, ಪೂರ್ತಿ ಅಳಿಸುವ ಧೈರ್ಯವೂ ಬರಲಿಲ್ಲ. “ಇರಲಿ ಬಿಡು,” ಎಂದು ಎದ್ದುಹೋದ.

ಆಗಸ್ಟ್ ಹದಿನೈದರಂದು ಅಧ್ಯಕ್ಷರು ಪರದೆ ಸರಿಸಿದರು, ಚಪ್ಪಾಳೆ ಬಿತ್ತು, ಮಕ್ಕಳಿಗೆ ಜಿಲೇಬಿ ಹಂಚಿದರು. ಭಾಷಣ ಬರೆದು ತಂದಿದ್ದ ಮಧುಕರ ಎರಡೇ ಮಾತಾಡಿ ಕುಳಿತ. ಮುಂದಿನ ಸಾಲಿನಲ್ಲಿ ಕಸ್ತೂರಿಬಾಯಿ ಬೂದಿ ಬಣ್ಣದ ಸೀರೆಯುಟ್ಟು ಕುಳಿತಿದ್ದಳು. ಹನುಮವ್ವ ಮುಟ್ಟಿ ಕೊಟ್ಟದ್ದು ಎಂದಷ್ಟೇ ಸೊಸೆ ಹೇಳಿದ್ದಳು. ಅದನ್ನು ಕೇಳಿ ಮುದುಕಿ ಅಂದೇ ಅದಕ್ಕೆ ಫಾಲ್ ಹಚ್ಚಿಸಿದ್ದಳು.

ಜನ ಚದುರಿದ ಮೇಲೆ ಮಧುಕರನ ಮೊಬೈಲ್ ಸದ್ದು ಮಾಡಿತು. ಸಂಭಾಜಿನಗರದ ವೈಜನಾಥನ ಸಂದೇಶ. ಅವ್ವ ಮುಂಜಾನೆಯಿಂದ ಕಾಯುತ್ತಿದ್ದಾಳೆ, ಫಲಕದ ಫೋಟೋ ಕಳಿಸಿ ಎಂದಿತ್ತು.

ಮಧುಕರ ಫಲಕದ ಮುಂದೆ ನಿಂತು ಮೊಬೈಲ್ ಎತ್ತಿದ. ಅಷ್ಟರಲ್ಲಿ ಕಸ್ತೂರಿಬಾಯಿ ಕೋಲೂರಿಕೊಂಡು ಬಂದು ಅಡ್ಡ ನಿಂತಳು. ಪೂಜೆಯ ಕುಂಕುಮ ಸಿಡಿದು ಮೈದುನನ ಭುಜದ ಮೇಲಿನ ಆ ಕೈಯ ಬಳೆಗೂ ಬೆರಳಿಗೂ ಮೆತ್ತಿತ್ತು. ಅವಳು ಹೊಸ ಸೀರೆಯ ಸೆರಗಿನ ತುದಿಯನ್ನು ನಾಲಿಗೆಗೆ ಹಚ್ಚಿ ಒದ್ದೆ ಮಾಡಿಕೊಂಡು, ಒಂದೊಂದೇ ಬೆರಳನ್ನು ಒರೆಸತೊಡಗಿದಳು.

“ಅವ್ವಾ, ಸ್ವಲ್ಪ ಸರಿ,” ಎಂದ ಮಧುಕರ.

ಅವಳು ಸರಿಯಲಿಲ್ಲ.